ಅಪ್ಪನ ಚಪ್ಪಲಿ ಸೇವೆ

ದೇವರ ಸೇವೆಯಲ್ಲಿ ದೊಡ್ಡದು ಸಣ್ಣದು ಎಂಬುದಿಲ್ಲ ಎನ್ನುವುದನ್ನು ನಮ್ಮ ಸಭೆಯಲ್ಲಿ ಎಲ್ಲರೂ ಒಪ್ಪುತ್ತಾರೆ. ಆದರೆ ಪ್ರಸಂಗಪೀಠದ ಕೆಲಸಕ್ಕೆ ಸಿಗುವಷ್ಟು ಉಮೇದುವಾರರು ಬೆಂಚು ಒರೆಸುವ ಕೆಲಸಕ್ಕೆ ಸಿಕ್ಕಿದ್ದನ್ನು ನಾನಂತೂ ಕಂಡಿಲ್ಲ. ಬೇರೆಯವರ ಮಾತೇಕೆ? ಪುಣೆಯ ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ವರ್ಷಾನುಗಟ್ಟಲೆ ಸತ್ಯವೇದದ ಪಾಠ ಓದುತ್ತಿದ್ದವನು ನಾನು. ಓದುವ ಮುನ್ನ ಕನ್ನಡಕ ಒರೆಸಿ, ಗಂಟಲು ಸರಿಮಾಡಿಕೊಂಡು, ಎಲ್ಲರೂ ನನ್ನ ಕಡೆಗೇ ನೋಡುತ್ತಿದ್ದಾರೆಂದು ಖಾತ್ರಿ ಮಾಡಿಕೊಳ್ಳುವ ಆ ಗಳಿಗೆಯ ಸುಖವೇ ಬೇರೆ. ಕಣ್ಣಿಗೆ ಪೊರೆ ಬಂತು. ಅದನ್ನು ತೆಗೆಸಿಕೊಂಡು ಬರುವಷ್ಟರಲ್ಲಿ ಆ ಕೆಲಸ ವಾಕಡದಿಂದ ಬರುವ ಇಂಜಿನಿಯರ್ ಹುಡುಗಿಯೊಬ್ಬಳ ಪಾಲಾಗಿತ್ತು. ಅವಳು ಮೊಬೈಲ್ ನೋಡಿಕೊಂಡು ಒಂದೂ ತಪ್ಪಿಲ್ಲದೆ ಓದುತ್ತಾಳೆ. ತಪ್ಪಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಕೆಲಸವಿಲ್ಲದೆ ಬೆಂಚಿನ ಮೇಲೆ ಕುಳಿತರೆ, ಕರೆಯದ ಮದುವೆಗೆ ಬಂದು ಪಂಕ್ತಿಯಲ್ಲಿ ಕುಳಿತ ಹಾಗೆ ಅನ್ನಿಸತೊಡಗಿತು. ನಾನು ಯಾರಿಗೂ ಬೇಡವೇನೋ ಎಂದು ನಿಜಕ್ಕೂ ದುಃಖವಾಗುತ್ತಿತ್ತು. ಹೆಂಡತಿಗೆ ಹೇಳಿದರೆ, ಸುಮ್ಮನೆ ಕುಳಿತು ಪ್ರಾರ್ಥನೆ ಮಾಡಲು ನಿಮಗೇನು ಧಾಡಿ ಎಂದಳು. ಹಾಗೆ ಸುಮ್ಮನೆ ಕುಳಿತಿದ್ದಾಗಲೇ ಅಪ್ಪ ನೆನಪಾದದ್ದು.

ಅಪ್ಪ ಧಾರವಾಡದ ಶಾಲೆಯೊಂದರಲ್ಲಿ ಗಣಿತದ ಮಾಸ್ತರು. ಅವರ ಸೈಕಲ್ಲಿನ ಗಂಟೆ ಕೇಳಿದರೆ ಓಣಿಯ ಗೋಲಿಯಾಟ ನಿಲ್ಲುತ್ತಿತ್ತು. ಅವರು ನಕ್ಕದ್ದನ್ನು ಕಂಡವರು ಕಡಿಮೆ. ಭಾನುವಾರ ದೇವಾಲಯದಲ್ಲಿ ಅವರು ಕಡೆಯ ಬೆಂಚಿನಲ್ಲಿ ಕುಳಿತು, ಕಡೆಯ ಕೀರ್ತನೆ ಶುರುವಾಗುತ್ತಲೂ ಹೊರಗೆ ಜಾರಿಕೊಳ್ಳುತ್ತಿದ್ದರು. ನಸ್ಯ ಏರಿಸಲು ಹೋಗುತ್ತಾರೆಂದು ನಾನು ತಿಳಿದಿದ್ದೆ. ಒಮ್ಮೆ ಹೊಟ್ಟೆನೋವೆಂದು ಹೊರಗೆ ಬಂದಾಗ ನೋಡುತ್ತೇನೆ, ನಮ್ಮ ಮಾಸ್ತರು ಬಗ್ಗಿಕೊಂಡು, ಮೆಟ್ಟಿಲ ಬಳಿ ಜನ ಬಿಟ್ಟುಹೋಗಿದ್ದ ಚಪ್ಪಲಿಗಳನ್ನು ಒಂದೊಂದಾಗಿ ತಿರುಗಿಸಿ ಇಡುತ್ತಿದ್ದಾರೆ. ಹೊರಗೆ ಬಂದವರು ತಡಕಾಡದೆ ಕಾಲು ತೂರಿಸಿ ನಡೆದುಬಿಡಬೇಕು, ಅಷ್ಟೇ. ಮನೆಗೆ ಬರುವಾಗ ದಾರಿಯುದ್ದಕ್ಕೂ ಅದೇ ಕೀರ್ತನೆಯನ್ನು ಗುನುಗುತ್ತಿದ್ದರು. ಶ್ರುತಿ ಎಂಬುದು ಅವರ ಹತ್ತಿರ ಸುಳಿದದ್ದಿಲ್ಲ. ಆದರೂ ಆ ಗುನುಗು ಇನ್ನೊಮ್ಮೆ ಕೇಳುವಂತಿದ್ದರೆ ಎಂದು ಈಗಲೂ ಮನಸ್ಸು ಹಂಬಲಿಸುತ್ತದೆ.

ಸರಿ, ಅಪ್ಪನ ಸೇವೆಯನ್ನು ನಾನೇ ಮುಂದುವರಿಸುವುದೆಂದು ತೀರ್ಮಾನಿಸಿದೆ. ನಮ್ಮ ಆರಾಧನೆ ನಡೆಯುವುದು ಮರಾಠಿ ಸಭೆಯವರ ದೇವಾಲಯದಲ್ಲಿ, ಅವರದು ಮುಗಿದ ಮೇಲೆ. ಅವರು ಬೂಟು ಹಾಕಿಕೊಂಡೇ ಒಳಗೆ ಹೋಗುತ್ತಾರೆ, ನಾವು ಊರಿನ ರೂಢಿಯಂತೆ ಎಲ್ಲವನ್ನೂ ಬಾಗಿಲಲ್ಲೇ ಬಿಡುತ್ತೇವೆ. ಆ ಭಾನುವಾರ ಇಂದಾಪುರದಿಂದ ಒಬ್ಬ ಬೋಧಕರು ಬಂದಿದ್ದರು. ಯೇಸುಸ್ವಾಮಿ ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದ ಕಥೆಯೇ ಪ್ರಸಂಗ. ಕಥೆ ನನಗೆ ಗೊತ್ತಿತ್ತು, ಆದ್ದರಿಂದ ಅರ್ಧಕ್ಕೇ ಎದ್ದು ಹೊರಗೆ ಬಂದೆ.

ಬರಿದೇ ತಿರುಗಿಸಿಟ್ಟರೆ ಯಾರ ಕಣ್ಣಿಗೂ ಬೀಳುವುದಿಲ್ಲ ಎನ್ನಿಸಿತು. ಗಂಡಸರದು ಒಂದು ಸಾಲು, ಹೆಂಗಸರದು ಒಂದು ಸಾಲು, ಮಕ್ಕಳದು ಮುಂದೆ, ಅಳತೆಯ ಪ್ರಕಾರ ಜೋಡಿಸಿದೆ. ಅಂಗಡಿಯವರೂ ಮೆಚ್ಚಬೇಕು, ಹಾಗೆ. ಆರಾಧನೆ ಮುಗಿದು ಬಾಗಿಲು ತೆರೆದಾಗ ಕೈಕಟ್ಟಿ ಪಕ್ಕದಲ್ಲಿ ನಿಂತೆ. ಮುಂದಿನದನ್ನು ಹೇಳಲು ನಾಚಿಕೆಯಾಗುತ್ತದೆ. ಬಿಟ್ಟ ಜಾಗದಲ್ಲಿ ಯಾರ ಚಪ್ಪಲಿಯೂ ಇಲ್ಲ. ಸಮಾಧಾನದ ಆಶೀರ್ವಾದ ಪಡೆದು ಬಂದ ಜನ ಒಬ್ಬರನ್ನೊಬ್ಬರು ತಳ್ಳತೊಡಗಿದರು. ಎಲ್ಲರೂ ಹೋದ ಮೇಲೆ ಒಂದು ಜೊತೆ ಗಂಡಸರ ಚಪ್ಪಲಿ ಉಳಿಯಿತು, ಜೊತೆಗೆ ಬರಿಗಾಲಲ್ಲಿ ರಾಹೇಲಜ್ಜಿ ಉಳಿದರು.

ರಾಹೇಲಜ್ಜಿ ನಮ್ಮ ಸಭೆಯಲ್ಲೇ ಹಿರಿಯರು. ಧಾರವಾಡದಲ್ಲಿ ನಮ್ಮ ಓಣಿಯವರೇ, ಈಗ ಇಲ್ಲಿ ಮಗಳ ಮನೆಯಲ್ಲಿದ್ದಾರೆ, ಅಲ್ಲಿ ಎಲ್ಲರದೂ ಮರಾಠಿಯೇ. ಕಾಲು ಬಾತುಕೊಂಡಿರುವುದರಿಂದ ಮೆತ್ತನೆಯ ಅಡಿಯಿರುವ ಅಗಲವಾದ ಗಂಡಸರ ಚಪ್ಪಲಿ ಹಾಕುತ್ತಾರೆ. ನಾನು ಅದನ್ನು ಗಂಡಸರ ಸಾಲಿಗೆ ಸೇರಿಸಿದ್ದೆ, ಬೋಧಕರು ತಮ್ಮದನ್ನು ಬಿಟ್ಟಿದ್ದ ಜಾಗದಲ್ಲೇ. ಅವರು ಬಸ್ಸಿನ ಅವಸರದಲ್ಲಿ ನೋಡದೆ ಮೆಟ್ಟಿಕೊಂಡು ಸ್ವಾರಗೇಟ್ ಬಸ್ ನಿಲ್ದಾಣಕ್ಕೆ ಹೊರಟುಹೋಗಿದ್ದರು. ಬೇರೆ ಚಪ್ಪಲಿ ಅಜ್ಜಿಯ ಕಾಲಿಗೆ ಹತ್ತುವುದಿಲ್ಲ, ಬರಿಗಾಲಲ್ಲಿ ಬಿಸಿಲಿಗೆ ಕಾದ ಕಲ್ಲುಹಾಸಿನ ಮೇಲೆ ಗೇಟಿನ ತನಕ ನಡೆಯುವುದು ಆಗದ ಮಾತು. ಮಗಳಿಗೆ ಗೊತ್ತಾದರೆ ಇನ್ನು ಚರ್ಚಿಗೆ ಕಳಿಸುವುದಿಲ್ಲ, ಅವಳು ಬರುವಷ್ಟರಲ್ಲಿ ತಂದುಕೊಡು ಎಂದು ಅಜ್ಜಿ ಮೆಲ್ಲಗೆ ಹೇಳಿದರು. ವಾರಕ್ಕೊಮ್ಮೆ ಕನ್ನಡ ಕಿವಿಗೆ ಬೀಳುವ ಒಂದೇ ಜಾಗವನ್ನು ನಾನು ಆ ಮುದುಕಿಗೆ ತಪ್ಪಿಸಿಬಿಡುತ್ತಿದ್ದೆ.

ಉಳಿದಿದ್ದ ಬೋಧಕರ ಚಪ್ಪಲಿ ಎತ್ತಿಕೊಂಡು, ರಿಕ್ಷಾ ಹಿಡಿದು ಸ್ವಾರಗೇಟಿಗೆ ಓಡಿದೆ. ಬೋಧಕರು ಇಂದಾಪುರದ ಬಸ್ಸಿನಲ್ಲಿ ಕಿಟಕಿಗೆ ಒರಗಿ ಕುಳಿತಿದ್ದರು. ಅವರ ಕಾಲ ಬುಡದಲ್ಲಿ ಕುಳಿತು, ಕಂಡಕ್ಟರನಿಂದ ಮರಾಠಿಯಲ್ಲಿ ಬೈಸಿಕೊಳ್ಳುತ್ತ ಚಪ್ಪಲಿ ಬದಲಾಯಿಸಿದೆ. ಇವತ್ತು ಕಾಲು ಹಗುರಾದಂತಿತ್ತು, ಪ್ರಸಂಗ ಚೆನ್ನಾಗಿ ಆದದ್ದಕ್ಕೆ ಹೀಗೇನೋ ಅಂದುಕೊಂಡಿದ್ದೆ ಎಂದು ಅವರು ನಕ್ಕರು.

ಹಿಂತಿರುಗಿದಾಗ ದೇವಾಲಯದಲ್ಲಿ ಯಾರೂ ಇರಲಿಲ್ಲ. ಅಜ್ಜಿ ಮೆಟ್ಟಿಲ ಮೇಲೆ ನೆರಳು ನೋಡಿಕೊಂಡು ಕುಳಿತಿದ್ದರು. ಅವರಿಗೆ ಬಗ್ಗಲು ಆಗದು. ನಾನೇ ಮಂಡಿಯೂರಿ, ಕಾಲಿನ ಧೂಳನ್ನು ಕರವಸ್ತ್ರದಿಂದ ಒರೆಸಿ ಚಪ್ಪಲಿ ಹಾಕಿದೆ.

"ಮಾಸ್ತರು ಜಾಗಾ ಬದಲಸ್ತಿರಲಿಲ್ಲ ತಮ್ಮಾ," ಎಂದರು ಅಜ್ಜಿ. "ಇದ್ದಲ್ಲೇ ತಿರುಗಸ್ತಿದ್ರು."

ಅವರು ಮಾಡುತ್ತಿದ್ದುದು ನಿಮಗೆ ಗೊತ್ತಿತ್ತೇ ಎಂದು ಕೇಳಿದೆ.

"ಎಲ್ಲಾರಿಗೂ ಗೊತ್ತಿತ್ತು. ಯಾರರೆ ನೋಡಿದ್ರ ನಾಚಕೋತಿದ್ರು, ಅದಕ್ಕ ಅವರ ಕೆಲಸ ಮುಗಿಯೂ ತನಕಾ ನಾವು ಕಡೀ ಹಾಡು ಎಳದು ಎಳದು ಹಾಡ್ತಿದ್ವಿ."

ನಮ್ಮೂರಿನವರಿಗೆ ತಾಳಜ್ಞಾನ ಕಡಿಮೆ ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಕಣ್ಣು ತುಂಬಿ ಬಂತು. ಅಜ್ಜಿಯನ್ನು ಕೈಹಿಡಿದು ಗೇಟಿನವರೆಗೆ ನಡೆಸುವಾಗ ನಾನೂ ಏನನ್ನೋ ಗುನುಗುತ್ತಿದ್ದೆನಂತೆ. ಮನಸ್ಸಿನಲ್ಲಿ ಅಂಥ ಸಂತೋಷ ಪಾಠ ಓದಿದ ಯಾವ ದಿನವೂ ಆಗಿರಲಿಲ್ಲ. ಆ ಭಾವಾವೇಶದಲ್ಲಿ, ಇವತ್ತು ನಾನು ಕಾಲು ಒರೆಸಿ ಚಪ್ಪಲಿ ಹಾಕಿದ್ದನ್ನು ಯಾರಿಗೂ ಹೇಳಬೇಡಿ ಅಜ್ಜಿ ಎಂದುಬಿಟ್ಟೆ. ಆಗಲಿ ಎಂದರು.

ರಾಹೇಲಜ್ಜಿ ಕೊಟ್ಟ ಮಾತಿಗೆ ತಪ್ಪುವವರಲ್ಲ. ಅನೇಕ ಭಾನುವಾರ ಕಾದು ನೋಡಿದೆ, ಸಭೆಯಲ್ಲಿ ಯಾರೂ ಏನೂ ಕೇಳಲಿಲ್ಲ. ಹೀಗಾಗಿ ಕಡೆಗೆ ನಾನೇ ಇದನ್ನು ಬರೆಯಬೇಕಾಯಿತು.