ಮಾವನ ದೋಣಿಗೊಂದು ಫ್ರಿಜ್ಜು

ನಮ್ಮ ಸೋದರಮಾವ ಒಂದು ದೋಣಿಯ ಯಜಮಾನರಾಗಿದ್ದರು ಎಂದರೆ ನೀವು ತಕ್ಷಣ ಮಂಗಳೂರನ್ನೋ ಕಾರವಾರವನ್ನೋ ನೆನೆಸಿಕೊಳ್ಳುತ್ತೀರಿ. ದಯವಿಟ್ಟು ಬೇಡ. ಅವರ ಮನೆ ಇದ್ದದ್ದು ಗುಬ್ಬಿಯಲ್ಲಿ. ಗುಬ್ಬಿಯಿಂದ ಸಮುದ್ರ ಎಷ್ಟು ದೂರ ಎಂದು ಅಲ್ಲಿ ಯಾರೂ ಲೆಕ್ಕ ಹಾಕಿದವರಲ್ಲ, ಹಾಕುವ ಪ್ರಮೇಯವೂ ಬಂದಿರಲಿಲ್ಲ. ಇನ್ನೊಂದು ಮಾತನ್ನೂ ಈಗಲೇ ಹೇಳಿಬಿಡುತ್ತೇನೆ: ಮಾವನಿಗೆ ಈಜು ಬರುತ್ತಿರಲಿಲ್ಲ! "ದೋಣಿ ಇರೋದೇ ಈಜು ಬರದೇ ಇರೋರಿಗೆ ಕಣೇ. ಈಜು ಬಂದ್ರೆ ದೋಣಿ ಯಾಕೆ ಬೇಕು?" ಎಂದು ನನ್ನ ಬಾಯಿ ಮುಚ್ಚಿಸಿದ್ದರು. ಈ ತರ್ಕಕ್ಕೆ ಉತ್ತರ ಉಂಟೇ? 

ಮಾವ ರಸ್ತೆ ಓವರ್‌ಸಿಯರ್ ಆಗಿದ್ದು ರಿಟೈರಾದವರು. ಜೀವಮಾನವಿಡೀ ಜಲ್ಲಿ, ಟಾರು, ಧೂಳು. ಅರವತ್ತರ ದಶಕ ಇನ್ನೂ ಎಳೆಯದಾಗಿದ್ದಾಗ, ಬೆಂಗಳೂರಿನಿಂದ ತನ್ನ ದೇಶಕ್ಕೆ ಹೊರಟಿದ್ದ ಒಬ್ಬ ಬಿಳಿ ದೊರೆಯ ಸಾಮಾನುಗಳು ಹರಾಜಿಗಿವೆ ಎಂದು ಕೇಳಿ, ಅತ್ತೆಗೊಂದು ಹೊಲಿಗೆ ಯಂತ್ರ ತರಲು ಹೋದರು. ಬರುವಾಗ ಲಾರಿಯಲ್ಲಿ ದೋಣಿ ಹೇರಿಕೊಂಡು ಬಂದರು! ಅದೂ ಸುಮ್ಮನೆ ದೋಣಿಯಲ್ಲ. ಅದರ ಮೇಲೊಂದು ತಗಡಿನ ಚಾವಣಿಯ ಪುಟ್ಟ ಕೋಣೆ, ಒಳಗೆ ಮಲಗಲು ಹಲಗೆಗಳು, ಅಡುಗೆ ಕಟ್ಟೆ, ಕಿಟಕಿ, ಕಿಟಕಿಗೆ ಹೂವಿನ ಪರದೆ. ಹಿಂದುಗಡೆ ಮನಸ್ಸು ಬಂದಾಗ ಮಾತ್ರ ಓಡುವ ಒಂದು ಎಂಜಿನ್ನು. ಲಾರಿ ಮನೆ ಮುಂದೆ ನಿಂತಾಗ ಅರ್ಧ ಗುಬ್ಬಿ ಅಲ್ಲಿ ನೆರೆದಿತ್ತು. ಅತ್ತೆ ಹೊಸ್ತಿಲಲ್ಲಿ ನಿಂತು ಮೇಲಿಂದ ಕೆಳಕ್ಕೆ ನೋಡಿ, "ಮಿಷಿನ್ನು ಸ್ವಲ್ಪ ದೊಡ್ಡದಾಯ್ತೇನೋ," ಎಂದಷ್ಟೇ ಹೇಳಿ ಒಳಗೆ ಹೋದರು.

ಗುಬ್ಬಿಯ ಕೆರೆ ಬೇಸಿಗೆಯಲ್ಲಿ ಎಮ್ಮೆಗಳಿಗೇ ಸಾಲದು, ಇನ್ನು ದೋಣಿಗೆಲ್ಲಿ? ಮಾವ ಅದನ್ನು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಡ್ಯಾಮಿಗೆ ಸಾಗಿಸಿದರು. ಅಲ್ಲಿನ ಸಿಬ್ಬಂದಿಯೆಲ್ಲ ಅವರಿಗೆ ಹಳೆಯ ಪರಿಚಯ. ಗುಬ್ಬಿಯಿಂದ ತುಮಕೂರಿಗೆ ಬಸ್ಸು, ತುಮಕೂರಿಂದ ಕುಣಿಗಲ್ಲಿಗೆ ಬಸ್ಸು, ಅಲ್ಲಿಂದ ಯಡಿಯೂರಿಗೆ ಇನ್ನೊಂದು, ಆಮೇಲೆ ಎತ್ತಿನ ಗಾಡಿ. ಇಷ್ಟಾದ ಮೇಲೆ ನೌಕಾಯಾನ! ನಾನಾಗ ತುಮಕೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಾಗಿದ್ದೆ. ನನ್ನ ಬಾಡಿಗೆ ಮನೆ ದಾರಿಯಲ್ಲೇ ಬೀಳುತ್ತಿದ್ದುದರಿಂದ ಅದು ಮಾವನ ಬಂದರಾಯಿತು. ಹೋಗುವಾಗ ತಿಂಡಿ, ಬರುವಾಗ ಊಟ.

ಅತ್ತೆ ಮಾತ್ರ ಒಂದು ಸಲವೂ ಆ ದೋಣಿಯತ್ತ ತಲೆ ಹಾಕಲಿಲ್ಲ. ಹೊಲಿಗೆ ಯಂತ್ರದ ಸಿಟ್ಟು ಇನ್ನೂ ಇಳಿದಿಲ್ಲ ಎಂದು ನಾವೆಲ್ಲ ತೀರ್ಮಾನಿಸಿದ್ದೆವು.

ದೋಣಿಯ ಜೊತೆಗೆ ಒಂದು ಫ್ರಿಜ್ಜೂ ಬಂದಿತ್ತು. ಬರುವಾಗಲೇ ಅದರ ಪ್ರಾಣ ಹೋಗಿತ್ತು. ಬೆನ್ನೆಲ್ಲ ತುಕ್ಕು, ಬಾಗಿಲು ಒಂದೇ ಕೀಲಿನಲ್ಲಿ ನೇತಾಡುತ್ತಿತ್ತು. ಒಂದು ದಿನ ಮಾವ ಹೋಗಿ ನೋಡುತ್ತಾರೆ, ಡ್ಯಾಮಿನ ಕಾವಲುಗಾರನ ಕೋಳಿ ಅದರೊಳಗೆ ಕಾವಿಗೆ ಕೂತಿದೆ! ತಣ್ಣಗಿಡಬೇಕಾದ ಪೆಟ್ಟಿಗೆಯಲ್ಲಿ ಕಾವು!

"ಎತ್ತಯ್ಯ ಅದನ್ನ," ಎಂದರು ಮಾವ.

"ಬುಡಿ ಸ್ವಾಮಿ, ಬಾಣಂತಿ ಇದ್ದಂಗೆ. ಮರಿ ಮಾಡೋಗಂಟ ತಡ್ಕಳಿ," ಎಂದ ಕಾವಲುಗಾರ.

ಮಾವ ತಡೆದುಕೊಂಡರು. ಮರಿಗಳು ಹೊರಗೆ ಬಂದ ಮೇಲೆ ಹಳೆಯ ಫ್ರಿಜ್ಜನ್ನು ಕಾವಲುಗಾರನಿಗೇ ದಾನ ಮಾಡಿ, ಹೊಸದನ್ನು ಕೊಳ್ಳುವ ವ್ರತ ಹಿಡಿದರು. ಗುಬ್ಬಿಯ ಮನೆಯಲ್ಲೇ ಫ್ರಿಜ್ಜಿಲ್ಲ, ದೋಣಿಗೆ ಯಾಕೆ? ಕೇಳಿದರೆ, "ತಣ್ಣಗಿರ್ಬೇಕು ಕಣೇ," ಎಂಬ ಉತ್ತರ. ಏನು ತಣ್ಣಗಿರಬೇಕು? ಅಷ್ಟರಲ್ಲಿ ಮಾವ ಚಪ್ಪಲಿ ಮೆಟ್ಟಿಕೊಂಡಿರುತ್ತಿದ್ದರು.

ಒಂದು ಶನಿವಾರ ಮಾವ ಬಿದಿರಿನ ದೊಡ್ಡ ಚೌಕಟ್ಟೊಂದನ್ನು ಹೆಗಲಿಗೆ ಹಾಕಿಕೊಂಡು ನನ್ನ ಮನೆಗೆ ಬಂದರು. ದೋಣಿಯ ಬಾಗಿಲಿನ ಅಳತೆಯಂತೆ ಅದು! ಅಂಗಡಿಯವರ ಟೇಪಿನ ಮೇಲೆ ಅವರಿಗೆ ನಂಬಿಕೆಯಿಲ್ಲ. ಗುಬ್ಬಿಯಿಂದ ಬರುವಾಗ ಕಂಡಕ್ಟರು ತಡೆದು ಕೇಳಿದನಂತೆ:

"ಏನ್ ಸ್ವಾಮಿ ಇದು?"

"ಬಾಗ್ಲು."

"ಮನೆ ಎಲ್ಲಿ?"

"ನೀರಲ್ಲೈತೆ."

ಪಾಪ, ಮನೆ ಮುಳುಗಿಹೋದ ಮನುಷ್ಯ ಎಂದುಕೊಂಡು ಅವನು ಚೌಕಟ್ಟಿಗೆ ಲಗೇಜು ಕೇಳಲಿಲ್ಲ.

ಮಂಡಿಪೇಟೆಯ ಹತ್ತಿರ ರೇಡಿಯೋ, ಸ್ಟವ್ವು, ಫ್ರಿಜ್ಜು ಮಾರುವ ಅಂಗಡಿಯೊಂದಿತ್ತು. ನಾನು ಮುಂದೆ, ಚೌಕಟ್ಟು ಹೊತ್ತ ಮಾವ ಹಿಂದೆ. ಸಾಹುಕಾರರು ಎದ್ದು ಬಂದು ವಿನಯದಿಂದ ಕೇಳಿದರು.

"ಮನೇಲಿ ಎಲ್ಲಿ ಇಡ್ತೀರಾ ಸ್ವಾಮಿ? ಅಡುಗೆ ಮನೇಲೋ, ನಡುಮನೇಲೋ?"

"ನೀರಿನ ಮೇಲೆ."

ಸಾಹುಕಾರರು ನನ್ನ ಮುಖ ನೋಡಿದರು. ನಾನು ಗೋಡೆಯ ಗಡಿಯಾರ ನೋಡಿದೆ.

"ಬಚ್ಚಲ ಮನೇಲಿ ಇಡಬಾರದು ಸ್ವಾಮಿ, ಶಾಕ್ ಹೊಡೀತದೆ."

"ಬಚ್ಚಲಲ್ಲ ಕಣ್ರೀ, ಡ್ಯಾಮು!"

ಆಮೇಲೆ ನಡೆದದ್ದು ಥೇಟು ಹೆಣ್ಣು ನೋಡುವ ಶಾಸ್ತ್ರ. ಒಂದೊಂದೇ ಫ್ರಿಜ್ಜು ಚೌಕಟ್ಟಿನೊಳಗೆ ತೂರಿ ಬರಬೇಕು. ಹಾಲಿನಂತೆ ಬೆಳ್ಳಗಿದ್ದ ಮೊದಲನೆಯದು ದಪ್ಪ. ಎರಡನೆಯದು ಲಕ್ಷಣವಾಗಿ ತೂರಿ ಬಂತು, ಆದರೆ ಅದಕ್ಕೆ ಕರೆಂಟು ಬೇಕು. ಡ್ಯಾಮಿನ ನಡುನೀರಿನಲ್ಲಿ ಕರೆಂಟು ಎಲ್ಲಿಂದ ತರುವುದು? ಅಷ್ಟಕ್ಕೆ ಬಿಟ್ಟರೆ ಮಾವ ಹೇಗಾದಾರು? "ಇರ್ಲಿ, ಇದು ಅಲ್ಲಾಡಿದ್ರೆ ತಡೀತದಾ ನೋಡ್ಬೇಕು," ಎಂದು ಅಂಗಡಿಯ ಆಳುಗಳನ್ನು ಕರೆದು ಫ್ರಿಜ್ಜನ್ನು ಅಲ್ಲಾಡಿಸಲು ಹೇಳಿದರು. ಅವರು ಮಾವಿನ ಮರ ಅಲ್ಲಾಡಿಸುವಂತೆ ಅಲ್ಲಾಡಿಸಿದರು. "ಹಂಗಲ್ಲ, ಗಾಳಿ ಬಂದಾಗ ನೀರು ಹೆಂಗೆ ತೂಗ್ತದೆ, ಹಂಗೆ," ಎಂದು ತಾವೇ ಫ್ರಿಜ್ಜನ್ನು ತಬ್ಬಿಕೊಂಡು ಮೆಲ್ಲಗೆ ತೂಗತೊಡಗಿದರು. ಹೊರಗೆ ಜನ ಸೇರಿತು. ಆ ಜನದಲ್ಲಿ ನನ್ನ ಶಿಷ್ಯೆಯೊಬ್ಬಳ ತಾಯಿಯೂ ಇರಬೇಕೆ!

"ಯಾರು ಟೀಚರಮ್ಮ ಅವರು?"

"ಗೊತ್ತಿಲ್ಲ," ಎಂದೆ.

"ಏನೇ!" ಫ್ರಿಜ್ಜಿನ ಹಿಂದಿನಿಂದ ಧ್ವನಿ ಬಂತು. "ನಿಮ್ಮಮ್ಮನ ಒಡಹುಟ್ಟಿದ ಅಣ್ಣನ್ನೇ ಗೊತ್ತಿಲ್ಲ ಅಂತೀಯಾ?"

ಅವತ್ತು ಯಾವುದೂ ಒಪ್ಪಿಗೆಯಾಗಲಿಲ್ಲ. ಮುಂದಿನ ಪ್ರಯೋಗ ಐಸ್ ಪೆಟ್ಟಿಗೆ. ತೇಗದ ಪೆಟ್ಟಿಗೆಗೆ ಒಳಗೆ ತಗಡು ಹೊಡೆಸಿ ದೋಣಿಯಲ್ಲಿಟ್ಟರು. ತುಮಕೂರಿನಿಂದ ಐಸಿನ ಗಡ್ಡೆಯನ್ನು ಹೊಟ್ಟಿನಲ್ಲಿ ಹುದುಗಿಸಿ, ಗೋಣಿಯಲ್ಲಿ ಸುತ್ತಿ ಬಸ್ಸಿನ ಮೇಲೆ ಹಾಕಿಸಿದರು. ಏಪ್ರಿಲ್ ತಿಂಗಳ ಬಿಸಿಲು. ದಾರಿಯಲ್ಲಿ ಕಿಟಕಿಯ ಪಕ್ಕ ಕೂತವರ ಮೇಲೆ ತೊಟತೊಟ ನೀರು! "ಮಳೆ ಬಂತು," ಎಂದು ಒಬ್ಬ ಮುದುಕ ಆಕಾಶಕ್ಕೆ ಕೈ ಮುಗಿದ. ಕಂಡಕ್ಟರು ಬಸ್ಸು ನಿಲ್ಲಿಸಿ, ಮೇಲೆ ಹತ್ತಿ, ಸಾಮಾನಿಗೆಲ್ಲ ಟಾರ್ಪಾಲು ಹೊದಿಸಿದ. ಡ್ಯಾಮು ಮುಟ್ಟಿದಾಗ ಗೋಣಿ ಬಿಚ್ಚಿ ನೋಡಿದರೆ ಒಳಗೆ ಬರೀ ಒದ್ದೆ ಹೊಟ್ಟು. ಮಾವ ಅದರಲ್ಲಿ ಕೈಯಿಟ್ಟು ನೋಡಿ, "ಹೊಟ್ಟು ಮಾತ್ರ ಬೋ ತಣ್ಣಗದೆ," ಎಂದರು.

ಕೊನೆಗೆ ಸಾಹುಕಾರರೇ ಸೋತು, ಬೆಂಗಳೂರಿನಿಂದ ಸೀಮೆಎಣ್ಣೆಯ ಫ್ರಿಜ್ಜೊಂದನ್ನು ತರಿಸಿಕೊಟ್ಟರು. ಹಿಡಿ ಬಿಚ್ಚಿದ ಮೇಲೆ ಅದು ಚೌಕಟ್ಟಿನಲ್ಲಿ ತೂರಿತು. ಕೆಳಗೆ ದೀಪ ಉರಿಯಬೇಕು, ಮೇಲೆ ತಣ್ಣಗಾಗಬೇಕು! ಬೆಂಕಿ ಹಚ್ಚಿದರೆ ನೀರು ತಣ್ಣಗಾಗುತ್ತದೆ ಎಂದರೆ ಯಾರು ನಂಬಬೇಕು? ಡ್ಯಾಮಿನ ಕಾವಲುಗಾರ ಕೊನೆಯವರೆಗೂ ನಂಬಲಿಲ್ಲ. ಮಾವ ಮಾತ್ರ, "ಥೇಟ್ ನಿಮ್ಮತ್ತೆ ಕಣೇ. ಒಳಗೆ ಬೆಂಕಿ, ಮೇಲೆ ತಣ್ಣಗೆ," ಎಂದು ಹಿಗ್ಗಿದರು.

ಆದರೆ ಈ ಫ್ರಿಜ್ಜು ಮಹರಾಯ್ತಿಗೆ ಒಂದು ಚಾಳಿಯಿತ್ತು. ಸ್ವಲ್ಪ ವಾಲಿದರೂ ಅವಳು ತಣ್ಣಗಾಗುವುದಿಲ್ಲ. ದೋಣಿ ಹೊರಟಿತೋ, ದೀಪ ಹೊಗೆಯಾಡಿ ಆರಿಹೋಗುತ್ತಿತ್ತು. ಮಾವ ಏನು ಮಾಡಿದರು ಗೊತ್ತೇ? ಫ್ರಿಜ್ಜನ್ನು ಬಿಡಲಿಲ್ಲ, ದೋಣಿ ಓಡಿಸುವುದನ್ನೇ ಬಿಟ್ಟರು! ದಡದ ಹತ್ತಿರ ಗಾಳಿ ತಾಕದ ಮೂಲೆಯೊಂದನ್ನು ಹುಡುಕಿ, ದೋಣಿಯನ್ನು ಸುತ್ತಲಿಂದಲೂ ಹಗ್ಗ ಬಿಗಿದು ಹಸುವಿನಂತೆ ಕಟ್ಟಿಹಾಕಿದರು. ಬಿಚ್ಚಿದ ಎಂಜಿನ್ನು ಗುಬ್ಬಿಯ ಮನೆಯ ಅಟ್ಟ ಸೇರಿತು. ಫ್ರಿಜ್ಜಿನ ತಲೆಯ ಮೇಲೆ ಗಾರೆ ಕೆಲಸದವರು ವಾಲಿಕೆ ನೋಡುವ ರಸಮಟ್ಟ ಬಂದು ಕೂತಿತು. ಅದರ ಗುಳ್ಳೆ ನಡುವೆ ನಿಂತಿದ್ದರೆ ಮಾವನ ಮುಖದಲ್ಲಿ ನಗು. ಒಂದು ಸಲ ಡ್ಯಾಮಿನ ಎಂಜಿನಿಯರು ನೋಡಲು ಬಂದರು. ಒಳ್ಳೆಯ ಪುಷ್ಟವಾದ ಆಳು. ಅವರು ಕೂತ ತಕ್ಷಣ ಗುಳ್ಳೆ ಓಡಿತು. ಮಾವ ಗಾಬರಿಯಿಂದ ನನ್ನನ್ನು ಆಚೆ ಬದಿಗೆ ಅಟ್ಟಿದರು. ಗುಳ್ಳೆ ಬರಲಿಲ್ಲ. ಅಕ್ಕಿ ಮೂಟೆಯನ್ನು ನನ್ನ ಪಕ್ಕಕ್ಕೆ ತಳ್ಳಿದರು. ಆಗ ಬಂತು. ನಾನೂ ಅಕ್ಕಿ ಮೂಟೆಯೂ ಸೇರಿ ಒಬ್ಬ ಎಂಜಿನಿಯರಿಗೆ ಸಮ!

ಇಷ್ಟೆಲ್ಲ ಆದರೂ ಫ್ರಿಜ್ಜಿನೊಳಗೆ ಇದ್ದದ್ದು ಒಂದು ಚೊಂಬು ನೀರು, ಅಷ್ಟೆ. ವಾರಗಟ್ಟಲೆ ಅಲ್ಲೇ ಮಲಗಿ, ಬೆಳಿಗ್ಗೆ ಎದ್ದು ಆ ಚೊಂಬನ್ನು ಮುಟ್ಟಿ ನೋಡುವುದೇ ಮಾವನ ಕೆಲಸವಾಯಿತು. ನೆಂಟರಲ್ಲೆಲ್ಲ ಇದೇ ನಗೆಪಾಟಲು. ಮದುವೆ ಮನೆಗಳಲ್ಲಿ ಪಾನಕ ಕೊಡುವಾಗ, "ಇದು ಡ್ಯಾಮಿನ ಫ್ರಿಜ್ಜಿಂದ ಬಂದಿದ್ದಾ?" ಎನ್ನುವುದು ರೂಢಿಯಾಯಿತು.

ಆಮೇಲೆ ಒಂದು ಬೆಳಿಗ್ಗೆ ಮಾವ ನನ್ನ ಮನೆ ಬಾಗಿಲಿಗೆ ಬಂದರು. ಹಿಂದೆ ಅತ್ತೆ! ಕೂಸನ್ನು ಎದೆಗವಚಿಕೊಂಡ ಹಾಗೆ ಒಂದು ಫ್ಲಾಸ್ಕು ಹಿಡಿದಿದ್ದರು.

"ಹೊರಡೇ, ನೀನೂ ಬಾ," ಎಂದರು ಮಾವ.

ಬಸ್ಸಿನಲ್ಲಿ ಅತ್ತೆಯ ಪಕ್ಕ ಕೂತೆ. "ನಂಗೂ ಒಂದು ಲೋಟ ಕಾಫಿ ಕೊಡಿ ಅತ್ತೆ," ಎಂದೆ.

"ಕಾಫಿ ಅಲ್ಲ ಕಣೇ. ನನ್ನ ಔಷಧಿ."

ಅತ್ತೆಗೆ ಸಕ್ಕರೆ ಕಾಯಿಲೆ ಇರುವುದು ನಮಗೆಲ್ಲ ಗೊತ್ತಿತ್ತು. ದಿನಾ ಬೆಳಿಗ್ಗೆ ಎದುರು ಮನೆಯ ಡಾಕ್ಟರ ಹತ್ತಿರ ಹೋಗಿ ಸೂಜಿ ಚುಚ್ಚಿಸಿಕೊಳ್ಳುತ್ತಾರೆ ಎಂಬುದೂ ಗೊತ್ತಿತ್ತು. ಆ ಔಷಧಿ ಡಾಕ್ಟರ ಫ್ರಿಜ್ಜಿನಲ್ಲೇ ಇರುತ್ತಿತ್ತು. ಹಿಂದೆ ಒಂದು ಸಲ ಚೇಳೂರಿನ ತವರಿಗೆ ಸೀಸೆಯನ್ನು ಕೈಚೀಲದಲ್ಲಿಟ್ಟುಕೊಂಡು ಹೋಗಿ, ಬಿಸಿಲಿಗೆ ಅದು ಕೆಟ್ಟು, ಅತ್ತೆ ಎಚ್ಚರ ತಪ್ಪಿ ಬಿದ್ದು, ಉಳಿದದ್ದೇ ಹೆಚ್ಚಾಗಿತ್ತಂತೆ. ಆಮೇಲೆ ಅವರು ಒಂದು ರಾತ್ರಿಯನ್ನೂ ಹೊರಗೆ ಕಳೆದಿರಲಿಲ್ಲ. ತಂಗಿಯ ಮಗಳ ಮದುವೆಗೆ ಹೋಗಿ ಧಾರೆ ಮುಗಿದ ಕೂಡಲೇ ಬಸ್ಸು ಹತ್ತಿದ್ದರು. ನಾವು ಅದಕ್ಕೆ ಬಿಂಕ ಎಂದು ಹೆಸರಿಟ್ಟಿದ್ದೆವು.

"ಐಸಿನ ಫ್ಲಾಸ್ಕು ಸಂಜೆಗಂಟ ತಡೀಬೋದು. ಆಮೇಲೆ ಏನ್ ಮಾಡೋದು ಅಂತ ಭಯ ನಂಗೆ," ಎಂದರು ಅತ್ತೆ. ಮುಂದಿನ ಸೀಟಿನಲ್ಲಿ ಕೂತಿದ್ದ ಮಾವನ ಬೋಳು ತಲೆಯನ್ನು ನೋಡುತ್ತಾ ಧ್ವನಿ ತಗ್ಗಿಸಿದರು. "ಇವ್ರು, 'ಚೊಂಬಿನ ನೀರು ವಾರಗಟ್ಟಲೆ ತಣ್ಣಗೇ ಇದ್ದದ್ದು ನಾನು ನೋಡಿದೀನಿ, ಬಾ' ಅಂದ್ರು."

ಆ ದಿನ ಅತ್ತೆ ದೋಣಿಯಲ್ಲಿ ಉಂಡು ಮಲಗಿದರು. ಬೆಳಿಗ್ಗೆ ನಾನು ಎದ್ದಾಗ ನೀರಿನ ಮೇಲೆ ಇನ್ನೂ ಮಂಜಿತ್ತು. ಮಾವ ಗಾಜಿನ ಸಿರಿಂಜನ್ನು ಕುದಿಸಿ ಆರಿಸಿದ್ದರು. ಫ್ರಿಜ್ಜಿನಿಂದ ಸೀಸೆ ತೆಗೆದು ಎರಡು ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸುತ್ತಿದ್ದರು. ಡಾಕ್ಟರ ಹತ್ತಿರ ಕೂತು, ಬುಟ್ಟಿಗಟ್ಟಲೆ ಕಿತ್ತಳೆ ಹಣ್ಣಿಗೆ ಚುಚ್ಚಿ ಚುಚ್ಚಿ ಇದನ್ನು ಕಲಿತರಂತೆ. ಅತ್ತೆ ರವಿಕೆಯ ತೋಳನ್ನು ಸರಿಸಿ ಕೈ ಚಾಚಿದ್ದರು, ಕಣ್ಣು ಮಾತ್ರ ಕಿಟಕಿಯಾಚೆ ನೀರಿನ ಮೇಲಿತ್ತು. ಅಲ್ಲಿ ಬೆಳ್ಳಕ್ಕಿಗಳು ಇಳಿಯುತ್ತಿದ್ದವು.

ಲಾರಿಗಟ್ಟಲೆ ಜಲ್ಲಿ ಅಳೆಸಿದ ಮಾವ ಸಿರಿಂಜಿನ ಗೆರೆಯನ್ನು ಎರಡೆರಡು ಸಲ ಎಣಿಸಿ ಚುಚ್ಚಿದರು.

"ನೋವಾಯ್ತಾ?" ಎಂದು ಕೇಳಿದರು.

"ಯಾವಾಗ ಚುಚ್ಚಿದ್ರಿ?" ಎಂದರು ಅತ್ತೆ.

ಅತ್ತೆ ತೋಳನ್ನು ಸರಿಮಾಡಿಕೊಂಡು, ನೀರನ್ನೇ ನೋಡುತ್ತಾ, ಹೊಸ ಮದುವಣಗಿತ್ತಿಯ ಸಂಕೋಚದಿಂದ ಕೇಳಿದರು:

"ಅಂದ್ರೆ... ಇವತ್ತೂ ಇದ್ದು ಹೋಗಾಣ್ವಾ?"

ಮಾವ ಮಂಡಿಯೂರಿ ಕೂತು, ಡಬ್ಬಿಯಿಂದ ಸೀಮೆಎಣ್ಣೆಯನ್ನು ಒಂದು ಹನಿಯೂ ಚೆಲ್ಲದ ಹಾಗೆ ಫ್ರಿಜ್ಜಿಗೆ ತುಂಬತೊಡಗಿದರು.