ಥರ್ಡ್ ಗೇರಿನ ಆಸೆ

ನನ್ನ ಸೋದರಮಾವ ಕಾರು ತೆಗೆದುಕೊಂಡ ಮೇಲೆ ನಮ್ಮ ಕುಟುಂಬದವರು ನಡೆಯುವುದು ಜಾಸ್ತಿಯಾಯಿತು! ಸುಳ್ಳಲ್ಲ, ಬೇಕಾದರೆ ಅತ್ತೆಯ ಚಪ್ಪಲಿಯನ್ನೇ ಕೇಳಿ.

ಮಾವ ಆಯುಷ್ಯವಿಡೀ ಮೀನುಗಾರಿಕೆ ಬೋಟಿನ ಇಂಜಿನ್ ನೋಡಿಕೊಂಡವರು. ಸಮುದ್ರದಲ್ಲಿ ಗುಡ್ಡೆ ಇಲ್ಲವಲ್ಲ! ಹಾಗಾಗಿ, ಕೊಂಡ ಹಳೆಯ ಪುಟ್ಟ ಕಾರು ಮಣ್ಣಗುಡ್ಡದ ಮನೆಯಿಂದ ಹೊರಟು ಕದ್ರಿಯ ಏರಿನಲ್ಲಿ ಏದುಸಿರು ಬಿಟ್ಟು ಸೆಕೆಂಡ್ ಗೇರಿಗೆ ಇಳಿದದ್ದು ಅವರಿಗೆ ಮರ್ಯಾದೆಯ ಪ್ರಶ್ನೆಯಾಯಿತು. ಇದನ್ನು ಥರ್ಡಿನಲ್ಲೇ ಹತ್ತಿಸದಿದ್ದರೆ ತಾನು ಇಂಜಿನ್ ಮುಟ್ಟಿದವನೇ ಅಲ್ಲ ಎಂದುಬಿಟ್ಟರು.

ಆಮೇಲೆ ಶುರುವಾಯಿತು ನೋಡಿ. ಕಾರ್ಬುರೇಟರ್ ಊಟದ ಮೇಜಿಗೆ ಬಂತು. ಸ್ಪಾರ್ಕ್ ಪ್ಲಗ್ಗುಗಳನ್ನು ಒಂದು ಹಳೆ ಟೂತ್‌ಬ್ರಶ್ಶಿನಲ್ಲಿ ಉಜ್ಜಿದರು. ಅದು ಹಳೆಯದಲ್ಲ, ತನ್ನದು ಎಂದು ಅತ್ತೆಗೆ ಬೆಳಿಗ್ಗೆ ಬಾಯಿಗಿಟ್ಟಾಗ ಗೊತ್ತಾಯಿತು. ಇಂಜಿನ್ನಿಗೂ ಮನುಷ್ಯರ ಹಾಗೆ ಉಸಿರು ಸಲೀಸಾಗಿ ಬರಬೇಕಂತೆ, ಅದಕ್ಕೆ ಹೊಸ ಏರ್ ಫಿಲ್ಟರ್ ಬಂತು. ಬೈಕಂಪಾಡಿಯ ಗ್ಯಾರೇಜಿನಲ್ಲಿ ವಾಲ್ವಿನ ಕೆಲಸವೂ ಆಯಿತು. ಕಾರು ಚುರುಕಾದದ್ದು ನಿಜ. ಆದರೆ ಏರಿನ ತಿರುವಿನಲ್ಲಿ ಮತ್ತೆ ಸೆಕೆಂಡು!

ಆಗ ಮಾವನಿಗೆ ಅಳಿವೆ ಬಾಗಿಲು ನೆನಪಾಯಿತು. ನದಿ ಸಮುದ್ರ ಸೇರುವಲ್ಲಿ ಬೋಟು ಮರಳಿಗೆ ತಾಗಿದರೆ ಎಂತ ಮಾಡ್ತಾರೆ? ಭಾರ ಇಳಿಸ್ತಾರೆ. ಸರಿ, ಸ್ಟೆಪ್ನಿ ಹೋಯಿತು. ಹಿಂದಿನ ಸೀಟು ಹೋಗಿ ಜಗಲಿಯಲ್ಲಿ ನೆಂಟರಿಗೆ ಸೋಫಾ ಆಯಿತು. ಉಳಿದ ಭಾರ ನಾವೇ! ಭಾನುವಾರ ಗುಡ್ಡೆಯ ಮೇಲಿರುವ ಅತ್ತೆಯ ತಂಗಿಯ ಮನೆಗೆ ಹೋಗುವಾಗ ಏರಿನ ಬುಡದಲ್ಲಿ ಕಾರು ನಿಲ್ಲುತ್ತಿತ್ತು. ಹಿಂದೆ ಚಾಪೆಯ ಮೇಲೆ ಕೂತ ನಾನು, ಮುಂದೆ ಕೂತ ಅತ್ತೆ, ಅವರ ಮಡಿಲಿನ ಬಂಗುಡೆ ಮೀನಿನ ಗಸಿಯ ಪಾತ್ರೆ, ಮೂವರೂ ಇಳಿಯಬೇಕು.

ಕಾರು ಹಾಳಾಯಿತಾ ಅಕ್ಕ ಎಂದು ರಿಕ್ಷಾದವನೊಬ್ಬ ಕನಿಕರದಿಂದ ಕೇಳಿದ್ದ.

"ಇಲ್ಲ ಮಾರಾಯ, ಪವರ್ ಜಾಸ್ತಿ ಮಾಡ್ತಾ ಇದ್ದಾರೆ" ಎಂದರು ಅತ್ತೆ.

ಮೇಲೆ ಮಾವ ಬಾನೆಟ್ಟಿಗೆ ಒರಗಿ ಕಾಯುತ್ತಿದ್ದರು. ಅತ್ತೆ ಬೆವರು ಒರೆಸಿಕೊಂಡು, ಎಷ್ಟರಲ್ಲಿ ಹತ್ತಿತು ಎಂದು ಕೇಳುವುದು. ಸೆಕೆಂಡು ಎಂದು ಮಾವ ಮುಖ ಸಣ್ಣ ಮಾಡುವುದು. ಆಗಲಿ, ಬರುವ ವಾರ ನೋಡುವ ಎಂದು ಅತ್ತೆ ಸಮಾಧಾನ ಹೇಳುವುದು. ಈಗಿನ ನನ್ನ ಕಾರಿಗೆ ಅಲ್ಲೊಂದು ಏರು ಉಂಟೆಂಬುದೇ ಗೊತ್ತಾಗುವುದಿಲ್ಲ. ಆದರೂ ಅಲ್ಲಿ ಹೋಗುವಾಗೆಲ್ಲ ಆ ನಡೆದ ಭಾನುವಾರಗಳು ಮತ್ತೆ ಬೇಕು ಅನಿಸುತ್ತದೆ.

ಒಮ್ಮೆ ಅತ್ತೆಯ ಮೊಣಕಾಲಿಗೆ ಆಪರೇಷನ್ ಆಯಿತು. ಅವರು ಮನೆಯಲ್ಲೇ ಉಳಿದ ಆ ಭಾನುವಾರ ಬುಡದಲ್ಲಿ ಇಳಿದದ್ದು ನಾನೊಬ್ಬನೇ. ಮೇಲೆ ತಲುಪಿದಾಗ, ಅಷ್ಟು ದಿನದ ರಿಪೇರಿ ಕೊನೆಗೂ ಫಲಿಸಿತೋ ಏನೋ, ಮಾವ "ಥರ್ಡು" ಎಂದರು, ಅಷ್ಟೇ. ನಾನು ಕುಣಿದಾಡಿದೆ. ಅವರು ನನ್ನ ಹಿಂದಿನ ಖಾಲಿ ರಸ್ತೆಯನ್ನೇ ನೋಡುತ್ತಿದ್ದರು. ಮನೆಗೆ ಬಂದವರೇ ಜಗಲಿಯ ಸೋಫಾವನ್ನು ಎತ್ತಿ ಕಾರಿಗೆ ಜೋಡಿಸತೊಡಗಿದರು.

ಅತ್ತೆ ಸ್ವಲ್ಪ ಗುಣವಾದ ಮೇಲೆ, ಅವರನ್ನು ಆ ಸೀಟಿನಲ್ಲಿ ಕಾಲು ಚಾಚುವ ಹಾಗೆ ಕೂರಿಸಿಕೊಂಡು ಹೊರಟೆವು. ಬುಡದಲ್ಲಿ ಕಾರು ನಿಲ್ಲಲಿಲ್ಲ. ಕಾಲಿಗೆ ಅಲುಗಾಟ ಆಗಬಾರದೆಂದು ಫಸ್ಟ್ ಗೇರಿನಲ್ಲೇ ಹತ್ತಿಸಿದರು. ಹಿಂದೆ ಸಿಟಿ ಬಸ್ಸು ಹಾರ್ನ್ ಹೊಡೆದೇ ಹೊಡೆಯಿತು.

ಮೇಲೆ ಬಂದಾಗ ಅತ್ತೆ ಅಭ್ಯಾಸಬಲದಿಂದ ಕೇಳಿದರು, ಎಷ್ಟರಲ್ಲಿ ಹತ್ತಿತು ಎಂದು. ಫಸ್ಟು ಎಂದರು ಮಾವ.

"ನನ್ನಿಂದಾಗಿ ಅಲ್ವಾ? ಕಾಲು ಸರಿಯಾಗಲಿ, ಇಳಿದು ನಡೀತೇನೆ. ಥರ್ಡಲ್ಲಿ ಹತ್ತುತ್ತದೆ."

ಮಾವ ಇಂಜಿನ್ ಆಫ್ ಮಾಡಿದರು.

"ಥರ್ಡಲ್ಲಿ ಹತ್ತಿ ಆಯ್ತು, ನೀನು ಮಲಗಿದ್ದಾಗ. ಮೇಲೆ ಬಂದರೆ ಕೇಳಲಿಕ್ಕೆ ನೀನೇ ಇರಲಿಲ್ಲ."