ಎಳ್ಳಿಗೆ ಬಿದ್ದ ಥರ್ಮಾಕೋಲು

ಕೈಯಲ್ಲಿ ಒಂದು ಗರಗಸ, ತಲೆಯಲ್ಲಿ ಒಂದಿಷ್ಟು ಹೈಸ್ಕೂಲಿನ ವಿಜ್ಞಾನ ಇದ್ದರೆ ದೆಹಲಿಯ ಚಳಿ ಏನು ಮಹಾ ಎಂದು ಆ ಜನವರಿಯಲ್ಲಿ ನಾನು ನಂಬಿದ್ದೆ.

ಕಿದ್ವಾಯಿ ನಗರದ ನಮ್ಮ ಸರ್ಕಾರಿ ಕ್ವಾರ್ಟರ್ಸಿನ ಹಿಂದಿನ ಬಾಲ್ಕನಿಗೆ ಪ್ಲೈವುಡ್ಡು, ಗಾಜು ಹೊಡೆಸಿ ಮುಚ್ಚಿದ್ದೆವು. ಅದೇ ನನ್ನ ವರ್ಕ್‌ಶಾಪು. ಹಗಲೆಲ್ಲ ಕಚೇರಿಯಲ್ಲಿ ಫೈಲು ನೂಕುವ ನಾನು ಸಂಜೆ ಅಲ್ಲಿ ಕೂತು ಊಟದ ಮಣೆ, ದೇವರ ಮಂಟಪ ಮಾಡುತ್ತಿದ್ದೆ. ದೆಹಲಿಯ ಎಷ್ಟೋ ಕನ್ನಡಿಗರ ಮನೆಯಲ್ಲಿ ನಾನು ಮಾಡಿಕೊಟ್ಟ ಮಣೆಗಳಿವೆ. ಅವುಗಳ ಮೇಲೆ ಯಾರೂ ಕೂರುವುದಿಲ್ಲ, ಅಲ್ಲಾಡುತ್ತವೆ. ಆದರೆ ಇವೆ!

ಚಳಿಗಾಲ ಬಂದರೆ ಮಾತ್ರ ಕೆಲಸವೆಲ್ಲ ಸ್ಥಗಿತ. ಗೋಂದು ಹಿಡಿಯುವುದಿಲ್ಲ, ಬೆರಳು ಮರಗಟ್ಟುತ್ತವೆ. ಮನೆಯೊಳಗೂ ಅಷ್ಟೇ ಪರಿಸ್ಥಿತಿ. ನನ್ನ ಹೆಂಡತಿ ವಸುಧಾ ರುಬ್ಬಿಟ್ಟ ಇಡ್ಲಿ ಹಿಟ್ಟಿಗೆ ಹಳೇ ಶಾಲು ಹೊದಿಸಿ, ಅದರ ಮೇಲೆ ರಜಾಯಿ ಹೊದಿಸಿ ಮಲಗಿಸುತ್ತಿದ್ದಳು. ಬೆಳಿಗ್ಗೆ ಎದ್ದು ನೋಡಿದರೆ ಹಿಟ್ಟು ಇಟ್ಟಲ್ಲೇ ಇರುತ್ತಿತ್ತು, ಒಂದು ಗುಳ್ಳೆಯೂ ಎದ್ದಿರುತ್ತಿರಲಿಲ್ಲ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ನಮ್ಮ ಮನೆಯಲ್ಲಿ ಇಡ್ಲಿಯ ಹೆಸರೆತ್ತುವ ಹಾಗಿರಲಿಲ್ಲ.

ಹೀಗಿರುವಾಗ ಗುಜರಿ ಸಾಮಾನು ಕೊಳ್ಳುವ ನಮ್ಮ ಕಬಾಡಿ ಭಯ್ಯಾನ ಗಾಡಿಯಲ್ಲಿ ಥರ್ಮಾಕೋಲಿನ ದಿಮ್ಮಿಗಳು ಕಂಡವು. ಯಾವುದೋ ದೊಡ್ಡ ಮೆಷಿನ್ನಿನ ಜೊತೆ ಪ್ಯಾಕಾಗಿ ಬಂದವಂತೆ. ಒಂದೊಂದೂ ತಲೆದಿಂಬಿನಷ್ಟು ದಪ್ಪ. ಇವನ್ನು ಕತ್ತರಿಸಿ ಬಾಲ್ಕನಿಯ ಗೋಡೆಗೆಲ್ಲ ಅಂಟಿಸಿದರೆ ಚಳಿಗೆ ಒಳಗೆ ಬರಲು ದಾರಿಯೇ ಇಲ್ಲ ಎಂದು ನನಗೆ ಹೊಳೆಯಿತು. ನನಗೆ ಹೊಳೆದದ್ದನ್ನೆಲ್ಲ ಅನುಷ್ಠಾನಕ್ಕೆ ತರುವ ಮೊದಲು ವಸುಧಾಳ ಅನುಮೋದನೆ ಪಡೆಯುವುದು ಮನೆಯ ನಿಯಮ. ಪ್ರಸ್ತಾವನೆ ಸಲ್ಲಿಸಿದೆ.

ಅವಳು ಆಗ ಹಾಲ್‌ನಲ್ಲಿ ಕೂತು ಸಂಕ್ರಾಂತಿಯ ಎಳ್ಳಿಗೆ ಕೊಬ್ಬರಿ ಹೆಚ್ಚುತ್ತಿದ್ದಳು. ಅವಳ ಎಳ್ಳಿನ ವಿಷಯ ಇಲ್ಲಿ ಹೇಳಲೇಬೇಕು. ಬೆಲ್ಲ, ಕೊಬ್ಬರಿ ಎಲ್ಲವನ್ನೂ ಅಷ್ಟು ಸಣ್ಣಗೆ, ಒಂದೇ ಅಳತೆಗೆ ಹೆಚ್ಚುವವರು ನಮ್ಮ ಕಡೆಯವರಲ್ಲಿ ಮತ್ತೊಬ್ಬರಿಲ್ಲ. ಕೊಬ್ಬರಿಯ ಕಂದು ಸಿಪ್ಪೆಯನ್ನು ಪೂರ್ತಿ ಹೆರೆದು ಬೆಳ್ಳಗೆ ಮಾಡುತ್ತಾಳೆ. ಹಬ್ಬದ ಸಂಜೆ ಕಾಲೋನಿಯ ಕನ್ನಡದ ಹೆಂಗಸರೆಲ್ಲ ನಮ್ಮ ಮನೆಗೆ ಬಂದು ಆ ಎಳ್ಳನ್ನು ಬಾಯಿಗೆ ಹಾಕಿಕೊಳ್ಳುವ ಕ್ಷಣಕ್ಕಾಗಿ ಅವಳು ವರ್ಷವಿಡೀ ಕಾಯುತ್ತಾಳೆಂದರೆ ತಪ್ಪಿಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿ, ತಲೆಯೆತ್ತದೆ ಷರತ್ತು ಹಾಕಿದಳು.

"ಏನಾದ್ರೂ ಮಾಡ್ಕೊಳಿ. ಆದ್ರೆ ನನ್ನ ಎಳ್ಳಿಗೆ ಏನಾದ್ರೂ ಆಯ್ತೋ, ಆ ವರ್ಕ್‌ಶಾಪಿಗೆ ಅವತ್ತೇ ಬೀಗ."

ಎಳ್ಳಿಗೂ ಥರ್ಮಾಕೋಲಿಗೂ ಏನು ಸಂಬಂಧ? ಧಾರಾಳವಾಗಿ ಒಪ್ಪಿಕೊಂಡೆ.

ಹಬ್ಬದ ಹಿಂದಿನ ದಿನ ಭಾನುವಾರ. ವಸುಧಾ ಬೆರೆಸಿದ ಎಳ್ಳನ್ನು ದೊಡ್ಡ ಹರಿವಾಣದಲ್ಲಿ ಹರಡಿ, ಗಾಳಿಯಾಡಲಿ ಎಂದು ಹಾಲ್‌ನ ದಿವಾನದ ಮೇಲಿಟ್ಟು, ಮಗಳನ್ನು ಕರೆದುಕೊಂಡು ಕಬ್ಬು, ಬಾಳೆಹಣ್ಣು ತರಲು ಮಾರ್ಕೆಟ್ಟಿಗೆ ಹೋದಳು. ನಾನು ಗರಗಸ ಹಿಡಿದೆ.

ಥರ್ಮಾಕೋಲಿನ ದಿಮ್ಮಿ ಕೊಯ್ಯುವಾಗ ಬರುವ ಸದ್ದನ್ನು ಬರೆದು ತಿಳಿಸಲಾಗದು. ಹಲ್ಲಿನ ಬುಡಕ್ಕೇ ಹೋಗಿ ತಾಗುತ್ತದೆ. ಕೆಳಗೆ ಯಾರೋ ಕಿಟಕಿ ಹಾಕಿಕೊಂಡರು, ಯಾರದೋ ನಾಯಿ ಅಳತೊಡಗಿತು. ನೇರವಾಗಿ ಗೆರೆ ಹಾಕಿಕೊಂಡೇ ಕೊಯ್ದೆ. ಗೆರೆ ಒಂದು ಕಡೆ ಹೋಯಿತು, ಗರಗಸ ಇನ್ನೊಂದು ಕಡೆ. ಒಂದು ತುಂಡು ಗೋಡೆಗಿಂತ ಉದ್ದ, ಇನ್ನೊಂದು ಗಿಡ್ಡ. ಉದ್ದದ್ದನ್ನು ಮತ್ತೆ ಕೊಯ್ದೆ, ಅದೂ ಗಿಡ್ಡವಾಯಿತು! ಸಂದುಗಳಿಗೆಲ್ಲ ಚೂರು ತುರುಕಿ ಅಂತೂ ಇಂತೂ ನಾಲ್ಕೂ ಕಡೆ ಮುಚ್ಚಿದೆ. ಒಳಗೆ ನಿಂತರೆ ಸ್ವೆಟರು ತೆಗೆಯಬೇಕು ಅನ್ನಿಸಿತು. ನಂಬಿ, ನಿಜವಾಗಿಯೂ ಬೆಚ್ಚಗಿತ್ತು.

ಆ ಖುಷಿಯಲ್ಲಿ ಬಾಗಿಲು ತೆರೆದು ಹಾಲ್‌ಗೆ ಬಂದು ಕನ್ನಡಿ ನೋಡಿಕೊಂಡೆ. ತಲೆ, ಮೀಸೆ, ಸ್ವೆಟರು, ಪೈಜಾಮ ಎಲ್ಲದರ ಮೇಲೂ ಸಾಬಕ್ಕಿಯಂಥ ಬಿಳೀ ಕಾಳು. ಹಿಂತಿರುಗಿ ನೋಡಿದರೆ ನಾನು ನಡೆದು ಬಂದ ದಾರಿಯುದ್ದಕ್ಕೂ ಕಾಳು. ದೆಹಲಿಯ ಒಣಚಳಿಯಲ್ಲಿ ಥರ್ಮಾಕೋಲಿನ ಪುಡಿ ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ, ಕೊಡವಿದರೆ ಕೊಡವಿದ ಕೈಗೇ ಅಂಟುತ್ತದೆ. ಗುಡಿಸಲು ಹೋದೆ. ಪೊರಕೆ ತಾಗುವ ಮೊದಲೇ ಕಾಳುಗಳು ಎದ್ದು ಪಕ್ಕಕ್ಕೆ ಸರಿದು ಕೂತವು. ಇವನ್ನು ಒಂದು ಮೂಲೆಗೆ ತಳ್ಳಲು ಗಾಳಿಯೇ ಸರಿ ಎಂದು ತೀರ್ಮಾನಿಸಿ ಫ್ಯಾನ್ ಹಾಕಿದೆ.

ಜನವರಿಯಲ್ಲಿ ದೆಹಲಿಯಲ್ಲಿ ಫ್ಯಾನ್ ಹಾಕಿದ ಮೊದಲ ವ್ಯಕ್ತಿ ಬಹುಶಃ ನಾನೇ. ಕಾಳುಗಳು ಮೂಲೆಗೆ ಹೋಗಲಿಲ್ಲ. ಮೇಲೆದ್ದವು, ಹಾಲ್ ತುಂಬ ಒಂದು ಸುತ್ತು ಬಂದವು, ಆಮೇಲೆ ನಿಧಾನವಾಗಿ ದಿವಾನದ ಮೇಲಿನ ಹರಿವಾಣಕ್ಕೆ ಇಳಿದವು.

ಫ್ಯಾನ್ ಆರಿಸಿ ಓಡಿದೆ. ಬಗ್ಗಿ ನೋಡಿದರೆ ಬೆಳ್ಳಗಿನ ಸಣ್ಣ ಕೊಬ್ಬರಿ, ಬೆಳ್ಳಗಿನ ಸಣ್ಣ ಥರ್ಮಾಕೋಲು, ಯಾವುದು ಯಾವುದೆಂದು ಬ್ರಹ್ಮನೂ ಹೇಳಲಾರ. ಬಾಯಿಗೆ ಹಾಕಿಕೊಂಡು ಪರೀಕ್ಷಿಸಿದೆ. ಮೊದಲನೆಯದು ಥರ್ಮಾಕೋಲು. ಎರಡನೆಯದೂ! ಒಂದು ಹಿಡಿಯನ್ನು ಮೊರದಲ್ಲಿ ಹಾಕಿ ಕೇರಿದೆ. ಎಳ್ಳು ಹಾರಿಹೋಯಿತು, ಥರ್ಮಾಕೋಲು ಮೊರಕ್ಕೆ ಅಂಟಿಕೊಂಡು ಕೂತಿತು. ಆಗ ನನ್ನ ಹೈಸ್ಕೂಲಿನ ವಿಜ್ಞಾನ ನೆರವಿಗೆ ಬಂತು. ಹಗುರವಾದದ್ದು ನೀರಿನ ಮೇಲೆ ತೇಲುತ್ತದೆ, ಭಾರವಾದದ್ದು ಮುಳುಗುತ್ತದೆ. ಸೋಸಿದರಾಯಿತು, ವಸುಧಾ ಬರುವಷ್ಟರಲ್ಲಿ ಎಲ್ಲ ಸರಿ! ಹರಿವಾಣವನ್ನು ಹಾಗೇ ಎತ್ತಿ ನೀರು ತುಂಬಿದ ಬಕೆಟ್ಟಿಗೆ ಸುರಿದೆ.

ಥರ್ಮಾಕೋಲು ತೇಲಿತು. ಕೊಬ್ಬರಿಯೂ ತೇಲಿತು. ಬೆಲ್ಲ ತೇಲಲೂ ಇಲ್ಲ, ಮುಳುಗಲೂ ಇಲ್ಲ. ಇರಲೇ ಇಲ್ಲ!

ಸೌಟು ಹಿಡಿದು ಆ ಪಾನಕ ಕದಡುತ್ತಿರುವಾಗಲೇ ಬಾಗಿಲು ತೆರೆಯಿತು. ಮಗಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಅಮ್ಮಾ, ಪಪ್ಪಾ ತೋ ಪೂರಾ ಸ್ನೋಮ್ಯಾನ್ ಆಗಿದಾರೆ" ಅಂದಳು. ವಸುಧಾ ನನ್ನನ್ನು ನೋಡಲಿಲ್ಲ, ಖಾಲಿ ಹರಿವಾಣ ನೋಡಿದಳು. ಆಮೇಲೆ ಬಕೆಟ್ಟು ನೋಡಿದಳು.

"ಏನ್ ಮಾಡ್ತಿದೀರಿ?"

"ಬೇರೆ ಮಾಡ್ತಿದೀನಿ."

"ಯಾವುದರಿಂದ ಯಾವುದನ್ನ?"

ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕಬ್ಬನ್ನು ಗೋಡೆಗೆ ಒರಗಿಸಿ, ದಿವಾನದ ಮೇಲೆ ಕೂತು, ಕೊಬ್ಬರಿ ಹೆಚ್ಚಿ ಬೊಬ್ಬೆ ಬಂದಿದ್ದ ಹೆಬ್ಬೆರಳನ್ನು ಸುಮ್ಮನೆ ಉಜ್ಜಿಕೊಂಡಳು. ಇಷ್ಟು ಹೊತ್ತು ವರ್ಕ್‌ಶಾಪಿಗೆ ಬೀಳುವ ಬೀಗದ ಚಿಂತೆಯನ್ನೇ ಮಾಡಿದ ನನಗೆ ನಾಚಿಕೆಯಾಯಿತು.

ನಮ್ಮನ್ನು ಕಾಪಾಡಿದ್ದು ಪಂಜಾಬಿನವರು. ಅವತ್ತು ಅವರ ಲೋಹ್ಡಿ ಹಬ್ಬ. ಮೇಲಿನ ಮನೆಯ ಚೋಪ್ರಾ ಆಂಟಿ ಹಬ್ಬದ ರೇವಡಿ, ಕಡಲೆಕಾಯಿ ಕೊಡಲು ಬಂದವರು ಬಕೆಟ್ಟು ನೋಡಿ ಸಾಬೂನಿನ ನೀರೆಂದುಕೊಂಡರು. ವಿಷಯ ತಿಳಿದಾಗ ಸೋಫಾ ಹಿಡಿದುಕೊಂಡು ನಕ್ಕರು. ರೇವಡಿಯೆಂದರೆ ಎಳ್ಳು ಮೆತ್ತಿದ ಬೆಲ್ಲದ ಬಿಲ್ಲೆ ತಾನೇ? ವಸುಧಾ ಒಂದು ಬಿಲ್ಲೆ ಎತ್ತಿ, ತಿರುಗಿಸಿ ನೋಡಿ, ಕುಟ್ಟಾಣಿ ತರಲು ಎದ್ದಳು. ಆಂಟಿ ಮನೆಯಿಂದ ಇನ್ನಷ್ಟು ರೇವಡಿ ತಂದರು. ನಾನು ಕಡಲೆಕಾಯಿ ಸುಲಿದೆ. ಬೇರೆ ಯಾವ ಕೆಲಸವನ್ನೂ ನನಗೆ ಕೊಡಲಿಲ್ಲ.

ಮರುದಿನ ಸಂಜೆ ಬಂದ ಹೆಂಗಸರೆಲ್ಲ ಈ ಸಲದ ಎಳ್ಳು ಎಷ್ಟು ಗರಿಗರಿ, ಅದಕ್ಕೆ ಏನು ಹಾಕಿದಿರಿ ಎಂದು ಕೇಳಿದ್ದೇ ಕೇಳಿದ್ದು. ವಸುಧಾ ನನ್ನ ಕಡೆ ನೋಡಿ, "ಈ ಸಲ ನಮ್ಮ ಯಜಮಾನರೂ ಸ್ವಲ್ಪ ಸಹಾಯ ಮಾಡಿದ್ರು" ಅಂದಳು. ಅವರೆಲ್ಲ ಹೋದ ಮೇಲೆ ಬಾಲ್ಕನಿಗೆ ಬೀಗ ಹಾಕಿ, ಕೀಲಿಯನ್ನು ಸಾಸಿವೆ ಡಬ್ಬಿಯ ಪಕ್ಕ ಇಟ್ಟಳು. ಷರತ್ತು ಷರತ್ತೇ.

ಒಂದು ವಾರ ಕಳೆದಿರಬೇಕು. ಹೊರಗೆ ಕೈ ಕಾಣದಷ್ಟು ಮಂಜು. ಬೆಳಿಗ್ಗೆ ತಟ್ಟೆಯಲ್ಲಿ ಮಲ್ಲಿಗೆಯಂಥ ಇಡ್ಲಿ! ಜನವರಿಯಲ್ಲಿ ಇಡ್ಲಿ! ಹೇಗೆಂದು ಕೇಳಿದರೆ ವಸುಧಾ ಗಂಭೀರವಾಗಿ ಚಟ್ನಿ ಬಡಿಸಿದಳು. ಮಗಳೇ ಕೊನೆಗೆ ಬಾಯಿಬಿಟ್ಟಳು. ಅಮ್ಮ ಹಿಟ್ಟಿನ ಪಾತ್ರೆಯನ್ನು ಬಾಲ್ಕನಿಯಲ್ಲಿಟ್ಟು ಬಾಗಿಲು ಹಾಕುತ್ತಾಳೆ, ಬೆಳಿಗ್ಗೆ ಹಿಟ್ಟು ಪಾತ್ರೆ ಮೀರಿ ಉಕ್ಕಿರುತ್ತದೆ. ಸುದ್ದಿ ಹಬ್ಬಿ, ಈಗ ಅಕ್ಕಪಕ್ಕದ ಕನ್ನಡದವರ ಹಿಟ್ಟಿನ ಪಾತ್ರೆಗಳೂ ನನ್ನ ಕೆಲಸದ ಮೇಜಿನ ಮೇಲೆ ಸಾಲಾಗಿ ಕೂರುತ್ತವೆ. ಕೆಳಗೆ ಒಂದೊಂದಕ್ಕೂ ನಾನು ಮಾಡಿದ ಮಣೆ. ಅಂತೂ ಅವುಗಳ ಮೇಲೆ ಕೂರುವವರು ಸಿಕ್ಕರು.

ಮೊನ್ನೆ ಒಂದು ಸ್ಕ್ರೂಡ್ರೈವರ್ ಬೇಕಾಗಿ ಕೀಲಿ ಕೇಳಿ ಪಡೆದು ಒಳಗೆ ಹೋದೆ. ಎಷ್ಟು ಬೆಚ್ಚಗಿತ್ತೆಂದರೆ ಬಾಗಿಲು ಹಿಡಿದುಕೊಂಡು ಒಂದು ಗಳಿಗೆ ಹಾಗೇ ನಿಂತುಬಿಟ್ಟೆ. ಅಡುಗೆಮನೆಯಿಂದ ವಸುಧಾಳ ದನಿ ಬಂತು.

"ರೀ, ಬೇಗ ಆಚೆ ಬಂದು ಬಾಗಿಲು ಹಾಕಿ. ಹಿಟ್ಟಿಗೆ ಥಂಡಿ ಆಗತ್ತೆ."

ಆಚೆ ಬಂದೆ, ಬಾಗಿಲು ಹಾಕಿದೆ, ಮಂಕಿ ಕ್ಯಾಪನ್ನು ಕಿವಿಯ ಮೇಲೆ ಎಳೆದುಕೊಂಡೆ.